ವಿಮಾನಯಂತ್ರದ ನಾದ: ಬಲ ಕುಂದದಂತೆ ಸದ್ದಡಗಿಸುವ ಬಗೆ

ಶಬ್ದವು ಆಕಾಶದ ಗುಣವೆಂದು ನಮ್ಮ ನೈಯಾಯಿಕರು ನಿರ್ಣಯಿಸಿದರು. ಹುಟ್ಟಿದೆಡೆಯಿಂದ ಅದು ಕೇಳುವವನ ಕಿವಿಯವರೆಗೆ ಬರುವ ಬಗೆಯನ್ನು ವಿವರಿಸಲು ಅವರು ಎರಡು ದೃಷ್ಟಾಂತಗಳನ್ನು ಕೊಟ್ಟಿದ್ದಾರೆ. ಕೊಳದ ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟಿ ದಡಕ್ಕೆ ಮುಟ್ಟುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಏಕಕಾಲದಲ್ಲಿ ಬಿರಿಯುವಂತೆ ಎಂಬುದು ಕದಂಬಮುಕುಲ ನ್ಯಾಯ. ನಮ್ಮ ಕೇಶಿರಾಜನಾದರೋ ‘ಶಬ್ದಮಣಿದರ್ಪಣ’ದಲ್ಲಿ ಶಬ್ದೋತ್ಪತ್ತಿಯನ್ನು ಹೇಳುವಾಗ, ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ಹಾಗೆ ಅದು ಏಳುತ್ತದೆಂದು ಸಾರಿದನು. ವ್ಯಾಕರಣಕಾರನು ಮಾತಿನ ಹುಟ್ಟನ್ನು ಹೇಳಹೊರಟು ಗಾಳಿ, ಕೊಳವೆ ಎಂಬ ಎರಡು ವಸ್ತುಗಳನ್ನು ಮುಂದಿಟ್ಟನೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಈ ಲೇಖನದಲ್ಲಿ ಹೇಳಹೊರಟಿರುವ ಯಂತ್ರವೂ ಗಾಳಿ ಮತ್ತು ಕೊಳವೆಗಳ ಸಂಗತಿಯೇ ಆಗಿದೆ. ಕನ್ನಡ ಪಂಡಿತನಿಗೆ ವಿಮಾನದ ಗೊಡವೆ ಏತಕ್ಕೆಂದು ಕೇಳುವವರಿಗೆ ಇಷ್ಟು ಸಮಾಧಾನ ಸಾಕೆಂದು ಭಾವಿಸುತ್ತೇನೆ. ಕನ್ನಡದಲ್ಲಿ ಪದಕ್ಕೂ ಸದ್ದಿಗೂ ಶಬ್ದವೆಂಬ ಒಂದೇ ಹೆಸರು.

ವಿಷಯವು ನಮ್ಮ ಸೀಮೆಗೆ ಹೊರಗಿನದೂ ಅಲ್ಲ. ಚಳ್ಳಕೆರೆ ತಾಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. ನಾಲ್ಕು ಸಾವಿರ ಎಕರೆಗೂ ಮಿಕ್ಕಿದ ಆ ಕ್ಷೇತ್ರದಲ್ಲಿ ೨೦೧೬ರ ನವೆಂಬರ್ ೧೫ರಂದು ‘ರುಸ್ತುಂ-೨’ ಎಂಬ ಚಾಲಕರಹಿತ ವಿಮಾನವು ಮೊದಲ ಬಾರಿಗೆ ನೆಲ ಬಿಟ್ಟೆದ್ದಿತು; ೨೦೧೭ರ ಮೇ ೨೮ರಂದು ಕ್ಷೇತ್ರದ ವಿಧ್ಯುಕ್ತ ಉದ್ಘಾಟನೆ ನಡೆಯಿತು. ೨೦೨೨ರ ಜುಲೈ ೧ರಂದು ಬಾಲವಿಲ್ಲದ, ಇಡೀ ದೇಹವೇ ರೆಕ್ಕೆಯಾಗಿರುವ ಚಾಲಕರಹಿತ ವಿಮಾನವೊಂದು ಅಲ್ಲಿಯೇ ಹಾರಿ ಇಳಿಯಿತು. ಅದರೊಳಗೆ ಹುದುಗಿದ್ದುದು ಒಂದು ಚಿಕ್ಕ ಟರ್ಬೋಫ್ಯಾನ್ ಎಂಜಿನು. ಇದೇ ತಾಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು ೧,೫೦೦ ಎಕರೆಯ ಎರಡನೆಯ ಆವರಣವಿದ್ದು, ಅಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಮೊಳಕಾಲ್ಮೂರಿನ ಮಗ್ಗದ ಲಾಳಿಯ ಸದ್ದಿಗೂ ಚಳ್ಳಕೆರೆಯ ಎಣ್ಣೆಗಿರಣಿಯ ಸದ್ದಿಗೂ ಒಗ್ಗಿದ ನಮ್ಮ ಮಕ್ಕಳ ಕಿವಿಗೆ ಆಗಸದ ಸದ್ದೊಂದು ಹೊಸದಾಗಿ ಸೇರಿದೆ. ಅದೇನೆಂದು ಅವರು ಕೇಳಿದರೆ ಉತ್ತರ ಹೇಳಬೇಕಾದುದು ಶಾಲೆಯ ಕರ್ತವ್ಯ.

ಪ್ರಶ್ನೆ ಇಷ್ಟು: ಎಂಜಿನಿನ ಸದ್ದನ್ನು ಅಡಗಿಸಿದರೆ ಅದರ ಬಲವೂ ಅಡಗುತ್ತದೆಯೇ? ಹಾಗೆ ಅಡಗುವುದೆಂದಾದರೆ ಹಳ್ಳಿಯವರ ನೆಮ್ಮದಿ ಮತ್ತು ವಿಮಾನದ ಸಾಮರ್ಥ್ಯ ಇವೆರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಗಡಿಯ ಮೇಲೆ ಕಣ್ಣಿಡಲು ಹೋಗುವ ಚಾಲಕರಹಿತ ವಿಮಾನಕ್ಕಂತೂ ಈ ಪ್ರಶ್ನೆ ಜೀವನ್ಮರಣದ್ದು. ಕಾಣುವ ಮೊದಲೇ ಕೇಳಿಸಿಬಿಡುವ ಗೂಢಚಾರನಿಂದ ಏನು ಪ್ರಯೋಜನ?

ಮೊದಲು ಯಂತ್ರದ ರಚನೆಯನ್ನು ನೋಡೋಣ. ಟರ್ಬೈನು ಎಂಬ ಹೆಸರನ್ನು ೧೮೨೨ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ಡಿನ್ ಎಂಬ ಎಂಜಿನಿಯರನು ಲ್ಯಾಟಿನ್ ಭಾಷೆಯ ‘ಟರ್ಬೋ’ ಎಂಬ ಪದದಿಂದ ಕಟ್ಟಿದನು. ಬುಗುರಿಯೂ ಸುಂಟರಗಾಳಿಯೂ ಆ ಪದದ ಅರ್ಥಗಳು. ಹೆಸರು ಎಷ್ಟು ಒಪ್ಪುತ್ತದೆ ನೋಡಿ! ಗಾಳಿಯಿಂದ ಸುತ್ತುವ ಬುಗುರಿಯೇ ಟರ್ಬೈನು. ಎಂಜಿನಿನ ಬಾಯಲ್ಲಿ ದೊಡ್ಡ ಫ್ಯಾನು, ಅದರ ಹಿಂದೆ ಗಾಳಿಯನ್ನು ಹಂತಹಂತವಾಗಿ ಒತ್ತುವ ಸಂಕೋಚಕ, ಅನಂತರ ಇಂಧನವುರಿಯುವ ದಹನಕೋಶ, ಕೊನೆಗೆ ಟರ್ಬೈನು. ಕಾದ ಅನಿಲವು ಹೊರನುಗ್ಗುವಾಗ ಟರ್ಬೈನಿನ ಅಲಗುಗಳನ್ನು ತಳ್ಳಿ ತಿರುಗಿಸುತ್ತದೆ. ಆ ತಿರುಗಾಟವು ಅಚ್ಚುಗಳ ಮೂಲಕ ಮುಂದಿನ ಫ್ಯಾನಿಗೂ ಸಂಕೋಚಕಕ್ಕೂ ಮುಟ್ಟುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಎರಡು ಸಾಲು ಅಲಗುಗಳಿರುತ್ತವೆ. ಒಂದು ಸಾಲು ಅಲುಗಾಡದೆ ನಿಂತು ಅನಿಲಕ್ಕೆ ದಾರಿ ತೋರಿಸುವುದು. ಇನ್ನೊಂದು ಸಾಲು ತಿರುಗುವುದು. ಇವನ್ನು ನಿಂತಲಗು, ತಿರುಗಲಗು ಎಂದು ಕರೆಯೋಣ.

ಇನ್ನು ಬಲದ ಲೆಕ್ಕ. ಎಂಜಿನು ಎಷ್ಟೇ ಗರ್ಜಿಸಿದರೂ ಅದರ ಶಕ್ತಿಯಲ್ಲಿ ಸದ್ದಾಗಿ ಹೋಗುವುದು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ನಮ್ಮ ಕಿವಿಯು ಅತ್ಯಂತ ಸೂಕ್ಷ್ಮವಾದುದರಿಂದ ಅದು ಅಷ್ಟು ಘೋರವಾಗಿ ಕೇಳಿಸುತ್ತದೆ, ಅಷ್ಟೇ. ಆದುದರಿಂದ ಸದ್ದನ್ನು ಪೂರ್ತಿಯಾಗಿ ಅಳಿಸಿದರೂ ಬಲಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಷ್ಟವಾಗುವುದು ಸದ್ದಡಗಿಸಲು ನಾವು ಹೂಡುವ ಉಪಾಯಗಳಿಂದ. ಕೊಳವೆಯೊಳಗೆ ಅಡ್ಡವಿಟ್ಟರೆ ಗಾಳಿ ತಡೆಯುತ್ತದೆ. ಎಂಜಿನನ್ನು ಉದ್ದ ಮಾಡಿದರೆ ಭಾರ ಹೆಚ್ಚುತ್ತದೆ. ವಿನ್ಯಾಸಕಾರನ ಜಾಣ್ಮೆಯೆಲ್ಲ ಉಪಾಯವನ್ನು ಆರಿಸುವುದರಲ್ಲಿದೆ.

ಜೆಟ್ಟಿನ ಸದ್ದಿನ ಮೂಲವನ್ನು ೧೯೫೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲೈಟ್‌ಹಿಲ್ ಗಣಿತದಿಂದ ತೋರಿಸಿಕೊಟ್ಟನು. ವೇಗವಾಗಿ ನುಗ್ಗುವ ಅನಿಲವು ಹೊರಗಿನ ನಿಶ್ಚಲ ಗಾಳಿಗೆ ಉಜ್ಜಿ ಸುಳಿಸುಳಿಯಾಗುವಾಗ ಹುಟ್ಟುವ ಸದ್ದಿನ ಶಕ್ತಿಯು ವೇಗದ ಎಂಟನೆಯ ಘಾತದಂತೆ ಏರುತ್ತದೆ. ವೇಗ ಅರ್ಧವಾದರೆ ಸದ್ದು ೨೫೬ರಲ್ಲಿ ಒಂದು ಪಾಲಾಗುತ್ತದೆ. ಆದರೆ ನೂಕುಬಲ ಕುಂದಬಾರದಲ್ಲ? ನೂಕುಬಲವು ವೇಗದ ವರ್ಗಕ್ಕೂ ಬಾಯಿಯ ವಿಸ್ತಾರಕ್ಕೂ ಅನುಗುಣವಾದುದು. ವೇಗವನ್ನು ಅರ್ಧ ಮಾಡಿ ಬಾಯಿಯ ವಿಸ್ತಾರವನ್ನು ನಾಲ್ಕು ಪಟ್ಟು ಮಾಡಿದರೆ ನೂಕುಬಲವು ಮೊದಲಿನಷ್ಟೇ ಉಳಿಯುತ್ತದೆ. ಸದ್ದು ವಿಸ್ತಾರದಿಂದ ನಾಲ್ಕು ಪಟ್ಟು ಏರಿ, ವೇಗದಿಂದ ೨೫೬ ಪಟ್ಟು ಇಳಿದು, ಕೊನೆಗೆ ೬೪ರಲ್ಲಿ ಒಂದು ಪಾಲಾಗುತ್ತದೆ. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ ಇದು ೧೮ರಷ್ಟು ಇಳಿಕೆ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಸೆಕೆಂಡಿಗೆ ೨೫೦ ಮೀಟರ್ ವೇಗದಲ್ಲಿ ಹಾರುವ ವಿಮಾನವು ೭೫೦ ಮೀಟರ್ ವೇಗದಲ್ಲಿ ಅನಿಲವನ್ನು ಹಿಂದಕ್ಕೆಸೆದರೆ, ಅದಕ್ಕೆ ಕೊಟ್ಟ ಚಲನಶಕ್ತಿಯಲ್ಲಿ ಅರ್ಧ ಮಾತ್ರ ಸಾಗಣೆಗೆ ಉಪಯೋಗವಾಗುತ್ತದೆ. ಹೆಚ್ಚು ಗಾಳಿಯನ್ನು ೩೭೫ ಮೀಟರ್ ವೇಗದಲ್ಲಿ ಮಾತ್ರ ಎಸೆದರೆ ನೂರಕ್ಕೆ ೮೦ ಪಾಲು ಉಪಯೋಗವಾಗುತ್ತದೆ. ಅಂದರೆ ಇಲ್ಲಿ ಸದ್ದಿನ ಇಳಿಕೆಯೂ ಇಂಧನದ ಉಳಿತಾಯವೂ ಒಂದೇ ಹಾದಿಯಲ್ಲಿ ನಡೆಯುತ್ತವೆ. ಹೆಚ್ಚಿನ ಪಾಲು ಗಾಳಿಯನ್ನು ದಹನಕೋಶದೊಳಕ್ಕೆ ಬಿಡದೆ, ಫ್ಯಾನಿನಿಂದಲೇ ಪಕ್ಕದ ದಾರಿಯಲ್ಲಿ ಮೆಲ್ಲಗೆ ಹಿಂದಕ್ಕೆ ತಳ್ಳುವ ಬೈಪಾಸ್ ಎಂಜಿನುಗಳು ಬಂದುದು ಈ ಕಾರಣದಿಂದ. ಬೆಂಗಳೂರಿನಲ್ಲಿ ೧೯೬೧ರಲ್ಲಿ ಹಾರಿದ ನಮ್ಮ ‘ಮಾರುತ’ ವಿಮಾನದ ಎಂಜಿನುಗಳಲ್ಲಿ ಬೈಪಾಸ್ ಇರಲಿಲ್ಲ. ಏರ್ ಇಂಡಿಯಾ ಸಂಸ್ಥೆಗೆ ೧೯೭೧ರಲ್ಲಿ ಬಂದ ಮೊದಲ ಬೋಯಿಂಗ್ ೭೪೭ರ ಎಂಜಿನುಗಳಲ್ಲಿ, ಒಳಗೆ ಹೋಗುವ ಗಾಳಿಯ ಸುಮಾರು ಐದರಷ್ಟು ಗಾಳಿಯು ಪಕ್ಕದಲ್ಲಿ ಹೋಗುತ್ತಿತ್ತು. ಆ ವಿಮಾನದ ಹೆಸರು ‘ಎಂಪರರ್ ಅಶೋಕ’. ೧೯೭೮ರಲ್ಲಿ ಅದು ದುರಂತಕ್ಕೀಡಾಯಿತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಉಳಿಸಿಕೊಂಡಿರುವ ಮೊಳಕಾಲ್ಮೂರಿನವರಿಗೆ ಆ ಹೆಸರು ಕಿವಿಗೆ ಬಿದ್ದಾಗ ಆಪ್ತವೆನಿಸಿದ್ದರೆ ಸೋಜಿಗವಿಲ್ಲ. ಇಂದು ೨೦೧೬ರಿಂದ ಪ್ರಯಾಣಿಕ ಸೇವೆಯಲ್ಲಿರುವ ಕೆಲವು ಎಂಜಿನುಗಳಲ್ಲಿ ಈ ಪ್ರಮಾಣ ಹನ್ನೆರಡರ ಸಮೀಪಕ್ಕೆ ಏರಿದೆ.

ಹೀಗೆ ಜೆಟ್ಟಿನ ಆರ್ಭಟ ಅಡಗಿದಾಗ ಮತ್ತೊಂದು ಸದ್ದು ಹೊರಬಿದ್ದಿತು. ಜಾತ್ರೆಯಲ್ಲಿ ಡೊಳ್ಳು ನಿಂತ ಮೇಲೆ ತಾಳದ ಸದ್ದು ಕೇಳಿಸುವಂತೆ, ಅದುವರೆಗೆ ಮುಚ್ಚಿಹೋಗಿದ್ದ ಫ್ಯಾನಿನ ಮತ್ತು ಟರ್ಬೈನಿನ ಕೂಗು ಸ್ಪಷ್ಟವಾಯಿತು. ಫ್ಯಾನಿನ ಕೂಗು ಹೆಚ್ಚಾಗಿ ವಿಮಾನ ಏರುವಾಗ ಕಾಡುತ್ತದೆ; ಟರ್ಬೈನಿನದು ಇಳಿಯುವಾಗ, ಅದೂ ವಿಮಾನವು ನಮ್ಮನ್ನು ದಾಟಿ ಮುಂದಕ್ಕೆ ಹೋದ ಮೇಲೆ, ಹಿಂಬದಿಯಿಂದ ಕೇಳಿಸುತ್ತದೆ. ಇಲ್ಲಿ ಸುಲಭದ ಹಾದಿಯಿಲ್ಲ. ನಮ್ಮ ಪಾಠದ ತಿರುಳು ಇಲ್ಲಿಂದ ಮುಂದಿದೆ.

ಟರ್ಬೈನು ಕೂಗುವುದೇಕೆ? ೧೯೩೩ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರವು ೨೦೨೨ರಲ್ಲಿ ಕೋಡಿಬಿದ್ದು ವೇದಾವತಿ ತುಂಬಿ ಹರಿದುದನ್ನು ಈ ಸೀಮೆಯವರು ಮರೆತಿಲ್ಲ. ತುಂಬಿ ಹರಿಯುವ ಹೊಳೆಯಲ್ಲಿ ಸೇತುವೆಯ ಕಂಬದ ಕೆಳಬದಿಗೆ ನೀರು ಮಂದವಾಗಿ, ಸುಳಿಸುತ್ತುತ್ತ ಉದ್ದಕ್ಕೆ ಒಂದು ಪಟ್ಟಿಯಾಗಿ ಹೋಗುತ್ತದೆ. ಪ್ರತಿಯೊಂದು ನಿಂತಲಗಿನ ಹಿಂದೆಯೂ ಅಂಥದೇ ಒಂದು ಮಂದಗಾಳಿಯ ಪಟ್ಟಿಯಿರುತ್ತದೆ. ಅದನ್ನು ಗಾಳಿನೆರಳು ಎನ್ನೋಣ. ತಿರುಗಲಗು ಒಂದು ಗಾಳಿನೆರಳಿನಿಂದ ಇನ್ನೊಂದಕ್ಕೆ ಹಾಯುತ್ತ ಪ್ರತಿ ಸಲವೂ ಒಂದು ಪೆಟ್ಟು ತಿನ್ನುತ್ತದೆ. ಪೆಟ್ಟುಗಳು ಕ್ರಮಬದ್ಧವಾಗಿರುವುದರಿಂದ ಅವು ಸೇರಿ ಒಂದು ಶ್ರುತಿಯಾಗುತ್ತವೆ. ಅಲಗುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಆ ಶ್ರುತಿಯ ಆವರ್ತನ ಸಿಗುತ್ತದೆ. ೨೪ ಅಲಗುಗಳು ಸೆಕೆಂಡಿಗೆ ೬೦ ಸುತ್ತು ತಿರುಗಿದರೆ ೧,೪೪೦. ಅದರ ಇಮ್ಮಡಿಯಾದ ೨,೮೮೦ರಲ್ಲಿಯೂ ಮುಮ್ಮಡಿಯಲ್ಲಿಯೂ ಉಪಶ್ರುತಿಗಳೇಳುತ್ತವೆ.

ಎರಡು ಸಾಲುಗಳ ನಡುವಣ ಅಂತರವನ್ನು ಹೆಚ್ಚಿಸಿದರೆ ಗಾಳಿನೆರಳು ಅಲಗನ್ನು ಮುಟ್ಟುವ ಮುನ್ನ ಹರಡಿ ತೆಳುವಾಗುತ್ತದೆ, ಪೆಟ್ಟು ಮೃದುವಾಗುತ್ತದೆ. ಇದು ಯಾರಿಗಾದರೂ ಹೊಳೆಯುವ ಉಪಾಯ. ಬೆಲೆಯೂ ಹಾಗೆಯೇ ಇದೆ. ಎಂಜಿನು ಉದ್ದವಾಗಿ ಭಾರ ಏರುತ್ತದೆ, ಅನಿಲವು ಗೋಡೆಗೆ ಉಜ್ಜುವ ದಾರಿ ಹೆಚ್ಚುತ್ತದೆ. ನಿಂತಲಗನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಬಾಗಿಸುವುದು ಇದಕ್ಕಿಂತ ಜಾಣ ಉಪಾಯ. ಒಂದೇ ಒರಳಿಗೆ ಮೂವರು ಒನಕೆ ಹಾಕುವಾಗ ಮೂರೂ ಒಟ್ಟಿಗೆ ಬಿದ್ದರೆ ಊರಿಗೆಲ್ಲ ಕೇಳುತ್ತದೆ. ಒಂದಾದ ಮೇಲೊಂದು ಬಿದ್ದರೆ ಕೆಲಸ ಅಷ್ಟೇ ಆಗುತ್ತದೆ, ಸದ್ದು ಹಂಚಿಹೋಗುತ್ತದೆ. ಓರೆಯಾದ ಗಾಳಿನೆರಳು ತಿರುಗಲಗಿನ ಬುಡಕ್ಕೆ ಒಮ್ಮೆ, ನಡುವಿಗೆ ಒಮ್ಮೆ, ತುದಿಗೆ ಒಮ್ಮೆ ತಾಗುವುದರಿಂದ ಆ ಪೆಟ್ಟುಗಳ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಓರೆಯನ್ನು ಹದವಾಗಿ ಕೊಟ್ಟರೆ ಅನಿಲದ ಹರಿವು ಗೋಡೆಯ ಬಳಿ ಉತ್ತಮಗೊಳ್ಳುವುದೂ ಉಂಟು. ಅತಿಯಾಯಿತೋ ಹರಿವು ಕೆಡುತ್ತದೆ.

ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲಾಗಿ ರುಚಿಸಿದುದು ೧೯೬೨ರಲ್ಲಿ ಅಮೆರಿಕದ ಟೈಲರ್ ಮತ್ತು ಸೋಫ್ರಿನ್ ಎಂಬಿಬ್ಬರು ಪ್ರಕಟಿಸಿದ ಸಂಖ್ಯಾನಿಯಮ. ಛಂದಸ್ಸಿನಲ್ಲಿ ಮಾತ್ರೆ ಎಣಿಸಿದವರಿಗೆ ಇದು ಬೇಗ ಹಿಡಿಸುತ್ತದೆ. ಎರಡು ಬಾಚಣಿಗೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಹಲ್ಲುಗಳ ಸಂಖ್ಯೆಯಲ್ಲಿ ತುಸುವೇ ವ್ಯತ್ಯಾಸವಿದ್ದರೆ, ಒಂದರ ಹಲ್ಲು ಇನ್ನೊಂದರ ಸಂದನ್ನು ಮುಚ್ಚಿದ ಕಡೆ ಕಪ್ಪು ಪಟ್ಟಿ ಕಾಣುತ್ತದೆ. ಮೇಲಿನ ಬಾಚಣಿಗೆಯನ್ನು ಕೂದಲೆಳೆಯಷ್ಟು ಸರಿಸಿದರೆ ಕಪ್ಪು ಪಟ್ಟಿಯು ಬಹುದೂರ ಓಡಿಬಿಡುತ್ತದೆ. ಬಾಚಣಿಗೆ ನಿಧಾನ, ಪಟ್ಟಿಯ ಓಟ ಅತಿ ವೇಗ. ಎಂಜಿನಿನಲ್ಲಿಯೂ ಹೀಗೆಯೇ. ತಿರುಗಲಗು ೨೪, ನಿಂತಲಗು ೨೬ ಇದ್ದರೆ ಅವುಗಳ ವ್ಯತ್ಯಾಸವಾದ ಎರಡೇ ಉಬ್ಬುಗಳುಳ್ಳ ಒತ್ತಡದ ಆಕೃತಿಯೊಂದು ಏಳುತ್ತದೆ. ಅಲಗುಗಳು ಒಂದು ಸುತ್ತು ಬರುವಷ್ಟರಲ್ಲಿ ಅದು ಇಪ್ಪತ್ತನಾಲ್ಕರ ಅರ್ಧ, ಅಂದರೆ ಹನ್ನೆರಡು ಸುತ್ತು ಸುತ್ತುತ್ತದೆ. ಅಲಗುಗಳು ಶಬ್ದವೇಗಕ್ಕಿಂತ ಕಡಿಮೆ ವೇಗದಲ್ಲಿದ್ದರೂ ಆಕೃತಿಯು ಶಬ್ದವೇಗವನ್ನು ಮೀರಿಬಿಡುತ್ತದೆ. ಹಾಗೆ ಮೀರಿದ ಆಕೃತಿಯು ಕೊಳವೆಯುದ್ದಕ್ಕೂ ಸಾಗಿ, ಹೊರಬಿದ್ದು, ಊರಮೇಲೆ ಕೂಗುತ್ತದೆ.

ಈಗ ನಿಂತಲಗುಗಳನ್ನು ೫೬ ಮಾಡಿ. ವ್ಯತ್ಯಾಸ ೩೨. ಆಕೃತಿಯು ಅಲಗಿನ ಒಂದು ಸುತ್ತಿಗೆ ೨೪ರಲ್ಲಿ ೩೨ನೆಯ ಪಾಲು, ಅಂದರೆ ಮುಕ್ಕಾಲು ಸುತ್ತು ಮಾತ್ರ ಹೋಗುತ್ತದೆ. ಅದು ಶಬ್ದವೇಗವನ್ನು ಮುಟ್ಟಲಾರದು. ಶಬ್ದವೇಗವನ್ನು ಮುಟ್ಟದ ಆಕೃತಿಗೆ ಕೊಳವೆಯಲ್ಲಿ ಸಾಗುವ ಶಕ್ತಿಯಿಲ್ಲ. ಹುಟ್ಟಿದ ಎಡೆಯಲ್ಲಿಯೇ ಕ್ಷೀಣಿಸಿ ಅಳಿಯುತ್ತದೆ. ಪೆಟ್ಟು ಬಿದ್ದಿದೆ, ಒತ್ತಡ ಎದ್ದಿದೆ, ಆದರೆ ಶ್ರುತಿ ಹೊರಬರಲಿಲ್ಲ! ಅಡ್ಡ ಹಾಕದೆ, ಹರಿವನ್ನು ತಡೆಯದೆ, ಎಣಿಕೆಯಿಂದ ಮಾತ್ರವೇ ಸದ್ದನ್ನು ಹುಟ್ಟಿದಲ್ಲಿಯೇ ಲಯಗೊಳಿಸುವ ಈ ಉಪಾಯವನ್ನು ಓದಿದಾಗ ಶೂನ್ಯವನ್ನು ಕಂಡುಹಿಡಿದ ನಾಡಿನವರಾದ ನಾವು ತಲೆದೂಗದಿರಲು ಸಾಧ್ಯವೇ?

ಆದರೂ ಇಮ್ಮಡಿ ಶ್ರುತಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಲೆಕ್ಕ ಹಿಡಿಯುವಾಗ ೨೪ನ್ನು ಎರಡರಿಂದ ಗುಣಿಸಬೇಕು: ೪೮. ೫೬ರೊಡನೆ ಅದರ ವ್ಯತ್ಯಾಸ ೮. ಆಕೃತಿಯು ಆರು ಪಟ್ಟು ವೇಗವಾಗಿ ಸುತ್ತಿ ಹೊರಗೆ ಓಡುತ್ತದೆ. ಅದನ್ನೂ ಎಣಿಕೆಯಿಂದಲೇ ಕಟ್ಟಿಹಾಕಬೇಕೆಂದು ನಿಂತಲಗುಗಳನ್ನು ನೂರಕ್ಕೆ ಏರಿಸಿದರೆ ಅವುಗಳ ಮೈಗೆ ಅನಿಲ ಉಜ್ಜಿ ಬಲ ಸೋರುತ್ತದೆ. ಇಲ್ಲಿ ಇನ್ನೊಂದು ಉಪಾಯವನ್ನು ಕರೆಯಬೇಕು.

ಅದೇ ಕೊಳವೆಯ ಒಳಗೋಡೆಗೆ ಹಾಸುವ ಜೇನುಗೂಡಿನ ಹಾಸು. ಸಣ್ಣ ಸಣ್ಣ ರಂಧ್ರಗಳುಳ್ಳ ತಗಡಿನ ಹಿಂದೆ ಜೇನುಹುಟ್ಟಿನಂತೆ ಆರುಮೂಲೆಯ ಗೂಡುಗಳು. ಅವುಗಳ ಹಿಂದೆ ಗಟ್ಟಿ ತಗಡು. ಬಾಯಿ ಕಿರಿದಾದ ಮಡಕೆಯ ಅಂಚಿಗೆ ಊದಿದರೆ ಅದು ತನ್ನದೇ ಒಂದು ಶ್ರುತಿಯಲ್ಲಿ ಮೊಳಗುವುದನ್ನು ಎಲ್ಲರೂ ಬಲ್ಲರು. ಪ್ರತಿಯೊಂದು ಗೂಡೂ ಅಂಥ ಒಂದು ಮಡಕೆ. ತನ್ನ ಶ್ರುತಿಗೆ ಹೊಂದುವ ಸದ್ದು ಬಂದಾಗ ರಂಧ್ರದಲ್ಲಿ ಗಾಳಿ ಜೋರಾಗಿ ಒಳಹೊರಗಾಡಿ, ಉಜ್ಜಿ, ಆ ಸದ್ದಿನ ಶಕ್ತಿಯನ್ನು ಕಾವನ್ನಾಗಿ ಮಾರ್ಪಡಿಸುತ್ತದೆ. ಗೂಡಿನ ಆಳವು ಶಬ್ದದಲೆಯ ಉದ್ದದ ಸುಮಾರು ಕಾಲುಭಾಗವಿರಬೇಕು. ೨,೮೮೦ರ ಶ್ರುತಿಗೆ, ಗಾಳಿಯಲ್ಲಿ ಶಬ್ದವೇಗ ಸೆಕೆಂಡಿಗೆ ೩೪೦ ಮೀಟರ್ ಎಂದಿಟ್ಟುಕೊಂಡರೆ, ಮೂರು ಸೆಂಟಿಮೀಟರು ಸಾಕು. ಫ್ಯಾನಿನ ಬಳಿ ಇಷ್ಟು ಸ್ಥಳ ಸಿಗುತ್ತದೆ. ಟರ್ಬೈನಿನ ಹಿಂದಾದರೋ ಅನಿಲ ಕಾದಿರುತ್ತದೆ. ಆರುನೂರು ಡಿಗ್ರಿ ಕಾವಿನಲ್ಲಿ ಶಬ್ದವೇಗ ಸುಮಾರು ೫೮೦ ಮೀಟರಿಗೆ ಏರುವುದರಿಂದ ಅದೇ ಶ್ರುತಿಗೆ ಐದು ಸೆಂಟಿಮೀಟರ್ ಆಳ ಬೇಕು. ಸ್ಥಳವೂ ಕಡಿಮೆ, ಭಾರವೂ ಹೆಚ್ಚು, ಕಾವನ್ನು ತಾಳುವ ಲೋಹವೂ ದುಬಾರಿ. ಕೊಳವೆಗಳಲ್ಲಿ ಶಬ್ದದ ನಡವಳಿಕೆಯನ್ನು ಕುರಿತ ಈ ಶಾಸ್ತ್ರಕ್ಕೆ ನಮ್ಮ ಬೆಂಗಳೂರಿನ ಕೊಡುಗೆ ಸಣ್ಣದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಂ. ಎಲ್. ಮುಂಜಾಲ್ ಅವರು ಕೊಳವೆ ಮತ್ತು ಸೈಲೆನ್ಸರುಗಳ ಶಬ್ದಶಾಸ್ತ್ರವನ್ನು ಕುರಿತು ೧೯೮೭ರಲ್ಲಿ ಪ್ರಕಟಿಸಿದ ಗ್ರಂಥವು ಹೊರದೇಶಗಳಲ್ಲಿಯೂ ಮಾನ್ಯವಾದುದು. ಬಸ್ಸಿನ ಸೈಲೆನ್ಸರಿಗೂ ವಿಮಾನದ ಈ ಹಾಸಿಗೂ ಮೂಲಸೂತ್ರ ಒಂದೇ.

ತಿರುಗಲಗುಗಳ ಸಂಖ್ಯೆಯ ವಿಷಯದಲ್ಲಿ ನಿಜವಾದ ಜಗಳವಿದೆ. ಅಲಗು ಕಡಿಮೆಯಾದರೆ ಒಂದೊಂದರ ಮೇಲೂ ಹೊರೆ ಹೆಚ್ಚಿ, ಹರಿವು ಅದರ ಬೆನ್ನಿನಿಂದ ಕಳಚಿಕೊಳ್ಳುತ್ತದೆ. ಹೆಚ್ಚಾದರೆ ಉಜ್ಜುವಿಕೆ ಹೆಚ್ಚುತ್ತದೆ. ಇವೆರಡರ ನಡುವಣ ಹದವನ್ನು ೧೯೪೫ರಲ್ಲಿ ತ್ಸ್ವೈಫೆಲ್ ಎಂಬಾತನು ಒಂದು ಅಂಕಿಯಲ್ಲಿ ಹಿಡಿದಿಟ್ಟನು. ಅದು ಸುಮಾರು ೦.೮. ಅಲಗಿನ ಬೆನ್ನನ್ನು ನಾಜೂಕಾಗಿ ರೂಪಿಸಲು ಕಲಿತ ಮೇಲೆ ವಿನ್ಯಾಸಕಾರರು ಈ ಅಂಕಿಯನ್ನು ಒಂದರಾಚೆಗೂ ಒಯ್ದು, ಅಲಗುಗಳನ್ನು ಕಡಿತಗೊಳಿಸಿ, ಭಾರವನ್ನೂ ಬೆಲೆಯನ್ನೂ ಇಳಿಸಿದರು. ಬಲ ಕುಂದಲಿಲ್ಲ. ಆದರೆ ಶ್ರುತಿ ಕೆಳಗಿಳಿದು ಕಿವಿಯ ಹಿಡಿತಕ್ಕೆ ಬಂದಿತು! ಮನುಷ್ಯನ ಕಿವಿಯು ೨,೦೦೦ದಿಂದ ೫,೦೦೦ದ ಒಳಗಿನ ಆವರ್ತನಗಳಿಗೆ ಅತ್ಯಂತ ಚುರುಕು. ಸೆಕೆಂಡಿಗೆ ೫೦ ಸುತ್ತು ತಿರುಗುವ ಟರ್ಬೈನಿನಲ್ಲಿ ನೂರು ಅಲಗುಗಳಿದ್ದರೆ ಶ್ರುತಿ ೫,೦೦೦. ನೇರವಾಗಿ ಕಿವಿಗೆ ಚುಚ್ಚುವ ಜಾಗ.

ಇದಕ್ಕೆ ಕಂಡ ಪರಿಹಾರ ಹಲ್ಲುಗಾಲಿ. ದೊಡ್ಡ ಫ್ಯಾನು ನಿಧಾನವಾಗಿ ತಿರುಗಬೇಕು, ಟರ್ಬೈನು ವೇಗವಾಗಿ ತಿರುಗಿದರೆ ಚೆನ್ನ. ಇಬ್ಬರನ್ನೂ ಒಂದೇ ಅಚ್ಚಿಗೆ ಬಿಗಿದರೆ ಇಬ್ಬರಿಗೂ ಕಷ್ಟ. ಎತ್ತನ್ನೂ ಕುದುರೆಯನ್ನೂ ಒಂದೇ ನೊಗಕ್ಕೆ ಹೂಡಿದ ಹಾಗೆ. ನಡುವೆ ಮೂರಕ್ಕೊಂದರ ಹಲ್ಲುಗಾಲಿಯನ್ನಿಟ್ಟರೆ ಫ್ಯಾನು ಸೆಕೆಂಡಿಗೆ ೫೦ ಸುತ್ತು ತಿರುಗುವಾಗ ಟರ್ಬೈನು ೧೫೦ ಸುತ್ತು ತಿರುಗುತ್ತದೆ. ನೂರು ಅಲಗಿನ ಶ್ರುತಿ ೧೫,೦೦೦ಕ್ಕೆ ಹಾರುತ್ತದೆ. ಅಷ್ಟು ಎತ್ತರದ ಶ್ರುತಿಗೆ ಕಿವಿ ಮಂದ. ಅಲ್ಲದೆ ಗಾಳಿಯೇ ಅದನ್ನು ದಾರಿಯಲ್ಲಿ ಬಹುಪಾಲು ಹೀರಿಕೊಳ್ಳುತ್ತದೆ. ವೇಗ ಹೆಚ್ಚಿದುದರಿಂದ ಟರ್ಬೈನಿನ ಹಂತಗಳ ಸಂಖ್ಯೆಯನ್ನೂ ಕಡಿಮೆ ಮಾಡಬಹುದು. ೨೦೧೬ರಲ್ಲಿ ಸೇವೆಗೆ ಬಂದು ನಮ್ಮ ದೇಶದಲ್ಲಿಯೂ ಹಾರಿದ ಇಂಥ ಎಂಜಿನೊಂದರಲ್ಲಿ ಫ್ಯಾನನ್ನು ತಿರುಗಿಸುವ ಟರ್ಬೈನಿಗೆ ಮೂರೇ ಹಂತಗಳು. ಬೆಲೆ ಏನೆಂದರೆ ಹಲ್ಲುಗಾಲಿಯ ಭಾರ, ಅದು ಹುಟ್ಟಿಸುವ ಕಾವು, ಆ ಕಾವನ್ನು ಹೊರಹಾಕುವ ಎಣ್ಣೆಯ ವ್ಯವಸ್ಥೆ.

ಶ್ರುತಿಯಿಲ್ಲದ, ಬರಿಯ ‘ಹುಶ್’ ಎನ್ನುವ ಸದ್ದೂ ಉಂಟು. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಗಳ ಕೆಳಗೆ ನಿಂತವರು ಅದನ್ನು ಕೇಳಿರುತ್ತಾರೆ. ಅಲಗಿನ ಮೈಮೇಲಿನ ಸಣ್ಣ ಸುಳಿಗಳು ಅದರ ಹಿಂಬದಿಯ ಚೂಪಾದ ಅಂಚನ್ನು ದಾಟುವಾಗ ಹುಟ್ಟುವ ಸದ್ದು ಅದು. ಆ ಅಂಚಿಗೆ ಗರಗಸದಂತೆ ಹಲ್ಲು ಕೊಟ್ಟರೆ ಸದ್ದು ತಗ್ಗುತ್ತದೆಂದು ಗಾಳಿಯಂತ್ರಗಳಲ್ಲಿ ಕಂಡುಕೊಂಡಿದ್ದಾರೆ. ಈ ವಿದ್ಯೆಯ ಗುರು ಗೂಬೆ! ೧೯೩೪ರಲ್ಲಿ ಇಂಗ್ಲೆಂಡಿನ ಗ್ರಹಾಂ ಎಂಬವನು ಗೂಬೆಯ ರೆಕ್ಕೆಯಲ್ಲಿ ಮೂರು ವಿಶೇಷಗಳನ್ನು ಗುರುತಿಸಿದನು: ಮುಂಬದಿಯಲ್ಲಿ ಬಾಚಣಿಗೆಯಂಥ ಹಲ್ಲು, ಹಿಂಬದಿಯಲ್ಲಿ ಮೃದುವಾದ ಜಾಲರಿ, ಮೈಯೆಲ್ಲ ಮಖಮಲ್ಲಿನಂಥ ನವಿರು. ನಾವು ಅಪಶಕುನವೆಂದು ಕಲ್ಲೆಸೆಯುವ ಹಕ್ಕಿಯ ಮುಂದೆ ಎಂಜಿನಿಯರುಗಳು ಶಿಷ್ಯರಾಗಿ ಕುಳಿತಿದ್ದಾರೆ. ಟರ್ಬೈನಿನ ಒಳಗೆ ಮಾತ್ರ ಈ ಪಾಠ ನಡೆಯುವುದು ಕಷ್ಟ. ಆ ಬೆಂಕಿಯಲ್ಲಿ ಜಾಲರಿ ಉಳಿಯುವುದೆಲ್ಲಿ? ಫ್ಯಾನಿಗೂ ಅದರ ಹಿಂದಿನ ನಿಂತಲಗಿಗೂ ಅದು ಸಲ್ಲಬಹುದು.

ಎಂಜಿನೇ ಇಲ್ಲದಿದ್ದರೆ ಏನು ಉಳಿಯುತ್ತದೆಂಬುದಕ್ಕೂ ನಮ್ಮ ವರವು ಕಾವಲೇ ನಿದರ್ಶನ. ೨೦೨೩ರ ಏಪ್ರಿಲ್ ೨ರಂದು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನಾಗಿಯೇ ತೇಲಿ ಬಂದು ಓಡುದಾರಿಯ ಮೇಲೆ ಇಳಿಯಿತು. ೨೦೨೪ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಪ್ರಯೋಗವನ್ನು ಮತ್ತೆ ನಡೆಸಿದರು. ಆ ವಾಹನಕ್ಕೆ ಟರ್ಬೈನೂ ಇಲ್ಲ, ಫ್ಯಾನೂ ಇಲ್ಲ. ಅದರಿಂದ ಬರುವ ಸದ್ದು ದೇಹವು ಗಾಳಿಯನ್ನು ಸೀಳುವ ಸದ್ದು ಮಾತ್ರ. ಎಂಜಿನನ್ನು ಎಷ್ಟೇ ಮೌನಗೊಳಿಸಿದರೂ ವಿಮಾನ ಇಳಿಯುವಾಗ ಈ ಸದ್ದು ಉಳಿದೇ ಉಳಿಯುತ್ತದೆ. ರೆಕ್ಕೆ, ಚಕ್ರ, ಪಟ್ಟಿಗಳ ಸದ್ದಿಗಿಂತ ಕೆಳಕ್ಕೆ ಎಂಜಿನಿನ ಸದ್ದನ್ನು ಇಳಿಸಿದ ಮೇಲೆ ಮುಂದಕ್ಕೆ ಇಳಿಸುವ ಶ್ರಮ ವ್ಯರ್ಥವೆಂದು ವಿನ್ಯಾಸಕಾರನು ಲೆಕ್ಕ ಹಾಕಬೇಕಾಗುತ್ತದೆ.

ಒಂದು ಮಾತನ್ನು ಇಲ್ಲಿ ಮರೆಮಾಚದೆ ಹೇಳಬೇಕು. ವರವು, ಕುದಾಪುರ, ಉಳ್ಳಾರ್ತಿಯ ಕಾವಲುಗಳು ಅಮೃತಮಹಲ್ ರಾಸುಗಳಿಗೆಂದು ಹಿಂದಿನಿಂದ ಕಾದಿರಿಸಿದ ಹುಲ್ಲುನೆಲ. ಕುರಿ, ಮೇಕೆ, ದನಗಳ ಜೊತೆಗೆ ಕೃಷ್ಣಮೃಗಗಳಿಗೂ ಆಸರೆ. ಅವನ್ನು ಸಂಸ್ಥೆಗಳಿಗೆ ಕೊಟ್ಟ ವಿಚಾರವು ೨೦೧೩ರಲ್ಲಿ ಚೆನ್ನೈಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತ್ತು. ಕುರಿಗಾಹಿಯ ಅಳಲು ಸದ್ದಿನದಲ್ಲ, ಹುಲ್ಲಿನದು. ಅದಕ್ಕೆ ಅಲಗಿನ ಎಣಿಕೆಯಲ್ಲಿ ಉತ್ತರವಿಲ್ಲ. ಸದ್ದಿನ ಮಟ್ಟಿಗೆ ಉತ್ತರವಿದೆ ಎಂಬಷ್ಟನ್ನೇ ಈ ಪಾಠ ಹೇಳಬಲ್ಲದು. ಆ ಕುರಿಗಾಹಿಯ ಮಗ ಮುಂದೆ ಬೆಂಗಳೂರಿನ ಅನಿಲ ಟರ್ಬೈನು ಸಂಶೋಧನ ಸಂಸ್ಥೆಯಲ್ಲಿಯೋ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿಯೋ ಕುಳಿತು ಆ ಉತ್ತರವನ್ನು ಇನ್ನಷ್ಟು ಹರಿತಗೊಳಿಸಿಯಾನೆಂಬ ಆಸೆಯಿಂದಲೇ ಇಷ್ಟನ್ನು ಬರೆದೆನು. ‘ಕಾವೇರಿ’ ಎಂಜಿನನ್ನು ‘ತೇಜಸ್’ ವಿಮಾನದಿಂದ ೨೦೦೮ರಲ್ಲಿ ಬೇರ್ಪಡಿಸಿದ ಮೇಲೂ ಅದರ ಮೇಲಿನ ಕೆಲಸ ನಿಂತಿಲ್ಲ. ಚಾಲಕರಹಿತ ವಿಮಾನಕ್ಕೆ ಹೊಂದುವಂತೆ ಅದನ್ನು ಮಾರ್ಪಡಿಸುವ ಪ್ರಯತ್ನ ನಡೆದಿದೆ. ಅಂಥ ವಿಮಾನಕ್ಕೆ ಮೌನದ ಬೆಲೆ ಎಷ್ಟೆಂಬುದನ್ನು ಮೊದಲೇ ಹೇಳಿದೆ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಲು ಒಂದು ಲೆಕ್ಕ. ಒಂದು ಎಂಜಿನಿನ ಫ್ಯಾನಿಗೆ ೧೮ ತಿರುಗಲಗು, ಅದರ ಹಿಂದೆ ೪೦ ನಿಂತಲಗು. ನಿಮಿಷಕ್ಕೆ ೩,೦೦೦ ಸುತ್ತು. ಮೂಲಶ್ರುತಿಯ ಆವರ್ತನವೆಷ್ಟು? ಅಲಗಿನ ತುದಿ ಶಬ್ದವೇಗವನ್ನು ಮುಟ್ಟುವುದಿಲ್ಲವೆಂದು ತಿಳಿದು, ಅದರ ಆಕೃತಿಯು ಹೊರಗೆ ಓಡುವುದೋ ಒಳಗೇ ಅಳಿಯುವುದೋ ಹೇಳಿರಿ. ಇಮ್ಮಡಿ ಶ್ರುತಿಯ ಆಕೃತಿಯು ಅಲಗಿನ ಎಷ್ಟು ಪಟ್ಟು ವೇಗದಲ್ಲಿ ಸುತ್ತುವುದು? ಆ ಇಮ್ಮಡಿಯನ್ನು ಹೀರಲು ಜೇನುಗೂಡಿನ ಹಾಸಿನ ಆಳ ಎಷ್ಟಿರಬೇಕು? ಕೊನೆಯ ಉತ್ತರವು ಐದು ಸೆಂಟಿಮೀಟರಿಗೆ ತುಸು ಕಡಿಮೆ ಬರಬೇಕು. ಬಾರದಿದ್ದರೆ ನಿಮಿಷವನ್ನು ಸೆಕೆಂಡಿಗೆ ತಿರುಗಿಸುವುದನ್ನು ಮರೆತಿದ್ದೀರೆಂದು ತಿಳಿಯಿರಿ.